ವರ್ಚುವಲ್‌ಬಾಕ್ಸ್‌ನಲ್ಲಿ ಟೆಸ್ಟ್ ನೆಟ್‌ವರ್ಕ್: ಇಂಟರ್ನಲ್ ನೆಟ್‌ವರ್ಕ್‌ಗೆ ಫುಲ್ ಮಾರ್ಕ್ಸ್, ಮಿಕ್ಕಿದ್ದಕ್ಕೆ ನೋಡೋಣ

ವರ್ಚುವಲ್‌ಬಾಕ್ಸ್ ಅಂದ್ರೆ ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ನಕಲಿ ಕಂಪ್ಯೂಟರ್ (ವರ್ಚುವಲ್ ಮಷೀನ್, ಚಿಕ್ಕದಾಗಿ ವಿಎಂ) ಓಡಿಸೋ ಸಾಫ್ಟ್‌ವೇರ್. ಇದರ ಬಗ್ಗೆ ಬರೆಯೋರು ಹೆಚ್ಚಿನವರು ವಿಂಡೋಸ್ ಒಳಗೆ ಉಬುಂಟು ಹಾಕೋದು ಹೇಗೆ ಅಂತ ಹೇಳಿ ಅಲ್ಲಿಗೆ ಕೈ ತೊಳ್ಕೋತಾರೆ. ಬರೀ ಒಂದು ವಿಎಂ ಓಡಿಸೋಕೆ ಇವತ್ತು ಬೇಕಾದಷ್ಟು ದಾರಿ ಇದೆ, ಇದೇ ಬೇಕು ಅಂತೇನಿಲ್ಲ. ಆದ್ರೆ ಮೂರ್ನಾಲ್ಕು ವಿಎಂ ಇಟ್ಕೊಂಡು, ಮಧ್ಯೆ ರೂಟರ್ ಕೂರಿಸಿ, ಆ ಕಡೆ ಕ್ಲೈಂಟ್ ಈ ಕಡೆ ಸರ್ವರ್ ಅಂತ ಒಂದೇ ಕಂಪ್ಯೂಟರಲ್ಲಿ ಪೂರ್ತಿ ನೆಟ್‌ವರ್ಕ್ ಕಟ್ಟಿ, ಬೇಕಂತಲೇ ಕೆಡಿಸಿ, ಮತ್ತೆ ಸರಿ ಮಾಡಿ ಕಲಿಬೇಕು ಅನ್ನೋರಿಗೆ ಇದು ಹೇಗಿದೆ? ನಾನು ಇದನ್ನ ಬಳಸೋದು ಆ ಕೆಲಸಕ್ಕೇ, ಹಾಗಾಗಿ ರಿವ್ಯೂನೂ ಅಷ್ಟಕ್ಕೇ.

ನನ್ನ ತೀರ್ಪು ಮೊದಲೇ ಹೇಳ್ಬಿಡ್ತೀನಿ. ಇದರಲ್ಲಿರೋ ಇಂಟರ್ನಲ್ ನೆಟ್‌ವರ್ಕ್ ಅನ್ನೋ ಮೋಡ್ ಅಪ್ಪಟ ಚಿನ್ನ. ಆದ್ರೆ ಹೊಸ ವಿಎಂ ಮಾಡಿದ ತಕ್ಷಣ ಸಿಗೋದು ಅದಲ್ಲ, ನ್ಯಾಟ್ ಮೋಡ್ (ನಿಮ್ಮ ಕಂಪ್ಯೂಟರ್‌ನ ಅಡ್ರೆಸ್ಸಲ್ಲೇ ವಿಎಂಗೆ ಇಂಟರ್ನೆಟ್ ಕೊಡೋದು). ನೆಟ್‌ವರ್ಕ್ ಕಟ್ಟೋಕೆ ಬಂದವರು ಅರ್ಧಕ್ಕೆ ಬಿಟ್ಟು ಹೋಗೋಕೆ ಆ ಡೀಫಾಲ್ಟೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. ಇದನ್ನ ಶುರು ಮಾಡಿದ್ದು ಇನ್ನೋಟೆಕ್ ಅನ್ನೋ ಜರ್ಮನ್ ಕಂಪನಿ, 2008ರಲ್ಲಿ ಅದನ್ನ ಸನ್ ಕೊಂಡ್ಕೊಳ್ತು, 2010ರಲ್ಲಿ ಸನ್‌ನ ಒರಾಕಲ್ ಕೊಂಡ್ಕೊಳ್ತು, ಅವತ್ತಿಂದ ಒರಾಕಲ್ ಕೈಯಲ್ಲೇ ಇದೆ. ಮೂಲ ಪ್ಯಾಕೇಜ್ ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತೆ, 2024ರಲ್ಲಿ ಬಂದ 7.1ರಿಂದ ಆಪಲ್ ಚಿಪ್ ಇರೋ ಮ್ಯಾಕ್‌ಗಳಲ್ಲೂ ಓಡುತ್ತೆ, ಅಲ್ಲಿ ಮಾತ್ರ ಗೆಸ್ಟ್ (ಅಂದ್ರೆ ವಿಎಂ ಒಳಗೆ ಓಡೋ ಸಿಸ್ಟಮ್) ಕೂಡ ಆರ್ಮ್ ಅನ್ನೋ ಚಿಪ್ ಮಾದರಿಗೆ ಮಾಡಿದ್ದೇ ಆಗಿರ್ಬೇಕು.

ಈಗ ನ್ಯಾಟ್ ಮೋಡ್ ಕಥೆ. ಎರಡು ವಿಎಂ ಮಾಡ್ತೀರ, ಎರಡರಲ್ಲೂ ಇಂಟರ್ನೆಟ್ ಬರುತ್ತೆ, ಆಹಾ ಅಂತ ಖುಷಿ. ಮೊದಲನೇದರಲ್ಲಿ ಐಪಿ ನೋಡಿದ್ರೆ 10.0.2.15. ಎರಡನೇದರಲ್ಲಿ ನೋಡಿದ್ರೆ ಅಲ್ಲೂ 10.0.2.15! ಗೇಟ್‌ವೇ (ಹೊರಗೆ ಹೋಗೋ ಬಾಗಿಲು) ಎರಡಕ್ಕೂ 10.0.2.2. ಒಂದರಿಂದ ಇನ್ನೊಂದಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳೋ ಪರೀಕ್ಷೆ) ಮಾಡಿದ್ರೆ ಉತ್ತರ ಬರುತ್ತೆ, ಯಾಕಂದ್ರೆ ಅದು ತನಗೆ ತಾನೇ ಪಿಂಗ್ ಮಾಡ್ಕೊಳ್ತಾ ಇರುತ್ತೆ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಮಾಡಿದ್ರೂ ಲಾಗಿನ್ ಆಗುತ್ತೆ, ತನ್ನೊಳಗೇ. ಇದು ಬಗ್ ಅಲ್ಲ, ಡಿಸೈನೇ ಹಾಗೆ. ನ್ಯಾಟ್ ಮೋಡಲ್ಲಿ ಪ್ರತಿ ವಿಎಂಗೂ ಅದರದ್ದೇ ಒಂದು ಖಾಸಗಿ ರೂಟರ್ ಇದ್ದ ಹಾಗೆ, ಪಕ್ಕದ ವಿಎಂ ಅನ್ನೋದೇ ಅದಕ್ಕೆ ಗೊತ್ತಿರಲ್ಲ. ಒಂದೇ ವಿಎಂ ಇಟ್ಕೊಂಡು ಅಪ್‌ಡೇಟ್ ಡೌನ್‌ಲೋಡ್ ಮಾಡೋಕೆ ಇದು ಸರಿ, ನೆಟ್‌ವರ್ಕ್ ಟೆಸ್ಟ್‌ಗೆ ದಂಡ. ಹೆಸರು ಹೆಚ್ಚುಕಮ್ಮಿ ಒಂದೇ ಇರೋ ನ್ಯಾಟ್ ನೆಟ್‌ವರ್ಕ್ ಅಂತ ಇನ್ನೊಂದು ಮೋಡ್ ಇದೆ, ಅದರಲ್ಲಿ ವಿಎಂಗಳು ಒಂದನ್ನೊಂದು ನೋಡ್ತವೆ, ಇಂಟರ್ನೆಟ್ಟೂ ಸಿಗುತ್ತೆ. ಇಷ್ಟು ಬೇರೆ ಬೇರೆ ಕೆಲಸ ಮಾಡೋ ಎರಡಕ್ಕೆ ಇಷ್ಟು ಹತ್ತಿರದ ಹೆಸರಿಟ್ಟೋರು ಯಾರೋ, ಪುಣ್ಯಾತ್ಮರು.

ಇಂಟರ್ನಲ್ ನೆಟ್‌ವರ್ಕ್ ವಿಷಯಕ್ಕೆ ಬರೋಣ. ಇದರಲ್ಲಿ ನೀವು ಮಾಡ್ಬೇಕಾಗಿರೋದು ಒಂದು ಹೆಸರು ಟೈಪ್ ಮಾಡೋದು ಅಷ್ಟೇ. ಅದೇ ಹೆಸರು ಕೊಟ್ಟ ಅಡಾಪ್ಟರ್‌ಗಳೆಲ್ಲ (ವಿಎಂನ ನೆಟ್‌ವರ್ಕ್ ಕಾರ್ಡ್‌ಗಳು) ಒಂದೇ ಸ್ವಿಚ್‌ಗೆ ಕೇಬಲ್ ಹಾಕಿದ ಹಾಗೆ ಆಗ್ತವೆ. ಹೋಸ್ಟ್ ಕಂಪ್ಯೂಟರ್ (ವಿಎಂಗಳು ಓಡ್ತಿರೋ ನಿಮ್ಮ ನಿಜವಾದ ಕಂಪ್ಯೂಟರ್) ಕೂಡ ಅದರೊಳಗೆ ಇಣುಕೋಕಾಗಲ್ಲ, ಇಂಟರ್ನೆಟ್ ಇಲ್ಲ, ತಾನಾಗೇ ಐಪಿ ಹಂಚೋ ಡಿಎಚ್‌ಸಿಪಿ ಇಲ್ಲ, ಏನೂ ಇಲ್ಲ. ಆ ಏನೂ ಇಲ್ಲ ಅನ್ನೋದೇ ಇದರ ಬೆಲೆ. ಒಳಗೆ ನೀವೇ ಡಿಎಚ್‌ಸಿಪಿ ಸರ್ವರ್ ಇಡಿ, ತಪ್ಪು ತಪ್ಪಾಗಿ ಕಾನ್ಫಿಗರ್ ಮಾಡಿ, ಒಂದೇ ಐಪಿ ಇಬ್ಬರಿಗೆ ಕೊಡಿ, ಹೊರಗಡೆ ಯಾರಿಗೂ ಗಾಳಿ ಕೂಡ ತಾಕಲ್ಲ. ಇದನ್ನೇ ಬ್ರಿಡ್ಜ್ಡ್ ಮೋಡಲ್ಲಿ (ವಿಎಂನ ನೇರ ನಿಮ್ಮ ನಿಜವಾದ ನೆಟ್‌ವರ್ಕ್‌ಗೆ ಸೇರಿಸೋದು) ಮಾಡಿದ್ರೆ ನಿಮ್ಮ ಟೆಸ್ಟ್ ಡಿಎಚ್‌ಸಿಪಿ ಸರ್ವರ್ ನಿಜವಾದ ನೆಟ್‌ವರ್ಕ್‌ನಲ್ಲಿರೋ ಫೋನು, ಪ್ರಿಂಟರ್ ಎಲ್ಲಕ್ಕೂ ಅಡ್ರೆಸ್ ಹಂಚೋಕೆ ಶುರು ಮಾಡುತ್ತೆ, ಆಮೇಲೆ ಎಲ್ಲರೂ ನೆಟ್ ಇಲ್ಲ ನೆಟ್ ಇಲ್ಲ ಅಂತ ಬೊಬ್ಬೆ ಹೊಡೀತಾರೆ.

ಒಂದು ಎಚ್ಚರಿಕೆ. ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಆದ್ರೂ ಅದು ಬೇರೆ ನೆಟ್‌ವರ್ಕ್. ವರ್ಚುವಲ್‌ಬಾಕ್ಸ್ ಯಾವ ಎಚ್ಚರಿಕೆನೂ ಕೊಡಲ್ಲ, ಸುಮ್ಮನೆ ಹೊಸ ಹೆಸರಲ್ಲಿ ಹೊಸ ನೆಟ್‌ವರ್ಕ್ ಮಾಡಿ ಕೂತ್ಕೊಳ್ಳುತ್ತೆ. ಕೈಯಲ್ಲಿ ಟೈಪ್ ಮಾಡೋದಕ್ಕಿಂತ ಮೊದಲೇ ಕೊಟ್ಟಿರೋ ಹೆಸರನ್ನ ಡ್ರಾಪ್‌ಡೌನ್‌ನಿಂದ ಆರಿಸೋದು ವಾಸಿ.

ನಾನು ಯಾರಿಗಾದ್ರೂ ತೋರಿಸೋವಾಗ ಕಟ್ಟೋ ಚಿಕ್ಕ ಸೆಟಪ್ ಹೇಳ್ತೀನಿ, ಇದರಿಂದಲೇ ಪ್ರಾಡಕ್ಟ್ ಎಂಥದ್ದು ಅಂತ ಗೊತ್ತಾಗೋದು. ಮೂರು ವಿಎಂ, ಮೂರೂ ಗ್ರಾಫಿಕ್ಸ್ ಇಲ್ಲದ ಲಿನಕ್ಸ್. ಎಡಗಡೆ ಕ್ಲೈಂಟ್ 10.10.1.10, ಬಲಗಡೆ ಸರ್ವರ್ 10.10.2.20, ನಡುವೆ ರೂಟರ್, ಅದಕ್ಕೆ ಎರಡು ಅಡಾಪ್ಟರ್, ಒಂದಕ್ಕೆ 10.10.1.1 ಇನ್ನೊಂದಕ್ಕೆ 10.10.2.1. ಎಡಗಡೆ ಒಂದು ಇಂಟರ್ನಲ್ ನೆಟ್‌ವರ್ಕ್, ಬಲಗಡೆ ಇನ್ನೊಂದು. ಕ್ಲೈಂಟ್‌ಗೂ ಸರ್ವರ್‌ಗೂ ರೂಟರ್‌ನ ಅವರವರ ಕಡೆಯ ಅಡ್ರೆಸ್ಸೇ ಗೇಟ್‌ವೇ. ಈಗ ಕ್ಲೈಂಟ್‌ನಿಂದ 10.10.2.1ಕ್ಕೆ ಪಿಂಗ್ ಮಾಡಿ, ಅಂದ್ರೆ ರೂಟರ್‌ನ ಆಚೆ ಕಡೆಯ ಕಾಲಿಗೆ. ಉತ್ತರ ಬರುತ್ತೆ. ಓ ರೂಟಿಂಗ್ ಆಗ್ತಿದೆ ಅಂತ 10.10.2.20ಕ್ಕೆ ಮಾಡಿದ್ರೆ ನಿಶ್ಶಬ್ದ. ಬಹಳ ಜನ ಇಲ್ಲೇ ವರ್ಚುವಲ್‌ಬಾಕ್ಸ್ ಸರಿ ಇಲ್ಲ ಅಂತ ಬೈಯೋದು, ಪಾಪ ಅದರದ್ದೇನೂ ತಪ್ಪಿಲ್ಲ. ಲಿನಕ್ಸ್ ತನ್ನ ಯಾವ ಅಡ್ರೆಸ್‌ಗೆ ಯಾವ ಕಾರ್ಡ್‌ನಿಂದ ಕೇಳಿದ್ರೂ ಉತ್ತರ ಕೊಟ್ಬಿಡುತ್ತೆ, ಅದಕ್ಕೆ ಆಚೆ ಕಾಲು ಮಾತಾಡಿದ್ದು. ಪ್ಯಾಕೆಟ್‌ನ ಒಂದು ಕಾರ್ಡಿಂದ ಇನ್ನೊಂದಕ್ಕೆ ದಾಟಿಸ್ಬೇಕು ಅಂದ್ರೆ ಐಪಿ ಫಾರ್ವರ್ಡಿಂಗ್ ಆನ್ ಮಾಡ್ಬೇಕು, ಡೀಫಾಲ್ಟ್ ಆಗಿ ಅದು ಸೊನ್ನೆ ಇರುತ್ತೆ. ಅದನ್ನ 1 ಮಾಡಿದ ಕ್ಷಣ, ಇಷ್ಟೊತ್ತು ಸುಮ್ಮನಿದ್ದ ಪಿಂಗ್ ಸಾಲು ಸಾಲಾಗಿ ಉತ್ತರ ಕೊಡೋಕೆ ಶುರು ಮಾಡುತ್ತೆ. ಆ ಸಾಲಲ್ಲಿ ಟಿಟಿಎಲ್ (ಪ್ರತಿ ರೂಟರ್ ದಾಟಿದಾಗ ಒಂದೊಂದು ಇಳಿಯೋ ಎಣಿಕೆ) ಎಷ್ಟಿದೆ ನೋಡಿ, 63 ಇರುತ್ತೆ. ಸರ್ವರ್ ಕಳಿಸಿದ್ದು 64, ರೂಟರ್ ದಾಟುವಾಗ ಒಂದು ಕಮ್ಮಿ ಆಗಿದೆ. ಮಧ್ಯೆ ಇನ್ನೊಂದು ರೂಟರ್ ಸೇರಿಸಿದ್ರೆ 62. ಪುಸ್ತಕದಲ್ಲಿ ಎಷ್ಟು ಓದಿದ್ರೂ ಆ 63 ಕಣ್ಣೆದುರು ಬಂದಾಗ ತಲೆಗೆ ಹೋಗೋ ಥರ ಹೋಗಲ್ಲ.

ಇದಕ್ಕಿಂತ ಕೆಟ್ಟ ಸಿಕ್ಕು ಇನ್ನೊಂದಿದೆ. ಸರ್ವರ್‌ನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡ್ಬೇಕಲ್ಲ ಅಂತ ಅದಕ್ಕೆ ಒಂದು ನ್ಯಾಟ್ ಅಡಾಪ್ಟರ್ ಕೂಡ ಇಟ್ಟಿರ್ತಾರೆ. ಆಗ ಸರ್ವರ್‌ನ ಡೀಫಾಲ್ಟ್ ರೂಟ್ ಹೋಗೋದು 10.0.2.2 ಕಡೆಗೆ. ಕ್ಲೈಂಟ್‌ನಿಂದ ಪಿಂಗ್ ರೂಟರ್ ದಾಟಿ ಸರ್ವರ್ ತನಕ ಬಂದೇ ಬರುತ್ತೆ, ಪ್ಯಾಕೆಟ್ ಹಿಡಿದು ತೋರಿಸೋ ಟಿಸಿಪಿಡಂಪ್‌ನಲ್ಲಿ ಕಾಣುತ್ತೆ ಕೂಡ, ಆದ್ರೆ ಉತ್ತರ ಬೇರೆ ಬಾಗಿಲಿಂದ ಹೊರಗೆ ಹೋಗಿ ಎಲ್ಲೋ ಮಾಯ. ಕೆಲವು ಸಿಸ್ಟಮ್‌ಗಳಲ್ಲಿ ರಿವರ್ಸ್ ಪಾತ್ ಫಿಲ್ಟರ್ (ಬಂದ ದಾರೀಲೇ ಉತ್ತರ ಹೋಗುತ್ತಾ ಅಂತ ನೋಡೋ ತಪಾಸಣೆ) ಬಿಗಿಯಾಗಿದ್ರೆ ಉತ್ತರ ತಯಾರಾಗೋ ಮೊದಲೇ ಕರ್ನಲ್ ಆ ಪ್ಯಾಕೆಟ್ ಬಿಸಾಕುತ್ತೆ. 10.10.1.0/24ಕ್ಕೆ ಹೋಗೋಕೆ 10.10.2.1 ದಾರಿ ಅಂತ ಒಂದು ರೂಟ್ ಸೇರಿಸಿದ್ರೆ ಸರಿಹೋಗುತ್ತೆ, ಇಲ್ಲಾ ಇನ್‌ಸ್ಟಾಲ್ ಮುಗಿದ ಮೇಲೆ ನ್ಯಾಟ್ ಅಡಾಪ್ಟರ್ ಕಿತ್ತಾಕಿ. ನಾನು ಎರಡನೇದಕ್ಕೇ ಓಟ್ ಹಾಕ್ತೀನಿ, ಟೆಸ್ಟ್ ನೆಟ್‌ವರ್ಕ್‌ಗೆ ಹಿಂಬಾಗಿಲು ಇರಬಾರದು.

ಇಂಥ ಹುಡುಕಾಟಕ್ಕೆ ಅಂತಲೇ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಸೌಲಭ್ಯ ಇದೆ, ಯಾಕೋ ಯಾರೂ ಅದರ ಬಗ್ಗೆ ಮಾತಾಡಲ್ಲ. ವಿಬಾಕ್ಸ್‌ಮ್ಯಾನೇಜ್ ಅನ್ನೋ ಕಮಾಂಡ್ ಲೈನ್ ಟೂಲ್‌ನಿಂದ ಯಾವುದೇ ವಿಎಂನ ಯಾವುದೇ ಅಡಾಪ್ಟರ್‌ಗೆ ನಿಕ್ ಟ್ರೇಸ್ ಆನ್ ಮಾಡ್ಬಹುದು, ಆ ಕಾರ್ಡಲ್ಲಿ ಓಡಾಡಿದ ಪ್ಯಾಕೆಟ್ ಎಲ್ಲ ಹೋಸ್ಟ್‌ನಲ್ಲಿ ಒಂದು ಫೈಲ್‌ಗೆ ಬೀಳುತ್ತೆ, ಅದನ್ನ ಪ್ಯಾಕೆಟ್ ಬಿಡಿಸಿ ತೋರಿಸೋ ವೈರ್‌ಶಾರ್ಕ್‌ನಲ್ಲಿ ನೇರ ತೆರೀಬಹುದು. ಗೆಸ್ಟ್ ಒಳಗೆ ಏನೂ ಹಾಕೋದು ಬೇಡ. ಗೆಸ್ಟ್ ಇನ್ನೂ ಬೂಟ್ ಆಗ್ತಿರುವಾಗಲೇ ಕಳಿಸೋ ಡಿಎಚ್‌ಸಿಪಿ ರಿಕ್ವೆಸ್ಟ್ ಕೂಡ ಸಿಗುತ್ತೆ, ನೆಟ್‌ವರ್ಕ್ ಬೂಟ್ ಟೆಸ್ಟ್ ಮಾಡೋರಿಗೆ ಇದಿಲ್ಲದೆ ಕೈ ಕಟ್ಟಿಹಾಕಿದ ಹಾಗೆ. ಮೌಸ್‌ನಲ್ಲಿ ಆನ್ ಮಾಡೋ ಹಾಗೆ ಇಷ್ಟು ವರ್ಷದಲ್ಲಿ ಯಾಕೆ ಕೊಟ್ಟಿಲ್ಲ ಅಂತ ಮಾತ್ರ ನನಗೆ ಅರ್ಥ ಆಗಲ್ಲ.

ಕೇಬಲ್ ಕನೆಕ್ಟೆಡ್ ಅಂತ ಒಂದು ಟಿಕ್ ಬಾಕ್ಸ್ ಇದೆಯಲ್ಲ, ಅದೂ ಅಷ್ಟೇ ಉಪಯೋಗ. ವಿಎಂ ಓಡ್ತಾ ಇರುವಾಗಲೇ ಅದನ್ನ ತೆಗೆದ್ರೆ ಕೇಬಲ್ ಕಿತ್ತ ಹಾಗೆ, ಗೆಸ್ಟ್‌ಗೆ ಲಿಂಕ್ ಡೌನ್ ಅಂತಲೇ ಕಾಣುತ್ತೆ. ಎರಡು ದಾರಿ ಇಟ್ಟು ಒಂದು ಹೋದ್ರೆ ಇನ್ನೊಂದಕ್ಕೆ ಟ್ರಾಫಿಕ್ ತಿರುಗುತ್ತಾ, ಎಷ್ಟು ಪಿಂಗ್ ಕಳೆದುಹೋಗುತ್ತೆ ಅಂತ ನೋಡೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಹೋಸ್ಟ್‌ನಿಂದ ವಿಎಂಗಳಿಗೆ ಎಸ್‌ಎಸ್‌ಎಚ್ ಮಾಡೋಕೆ ಹೋಸ್ಟ್ ಓನ್ಲಿ ಮೋಡ್ ಬಳಸಿ. ಡೀಫಾಲ್ಟ್ ಆಗಿ 192.168.56.0/24, ಹೋಸ್ಟ್ 192.168.56.1, ವಿಎಂಗಳಿಗೆ 101ರಿಂದ ಮುಂದೆ ಅಡ್ರೆಸ್ ಸಿಗುತ್ತೆ. ಇದನ್ನ ಬರೀ ಮ್ಯಾನೇಜ್‌ಮೆಂಟ್‌ಗೆ ಇಟ್ಕೊಂಡು ಟೆಸ್ಟ್ ಟ್ರಾಫಿಕ್ ಎಲ್ಲ ಇಂಟರ್ನಲ್‌ನಲ್ಲಿ ಓಡಿಸೋದು ಕ್ಲೀನ್. ಲಿನಕ್ಸ್ ಹೋಸ್ಟ್ ಇರೋರಿಗೆ ಒಂದು ಮಾತು, 6.1.28ರಿಂದ ಈಚೆಗೆ 192.168.56.0/21 ಬಿಟ್ಟು ಬೇರೆ ರೇಂಜ್ ಕೊಟ್ರೆ ಎರರ್ ಬರುತ್ತೆ, ಬೇರೆ ಬೇಕಿದ್ರೆ ಅದಕ್ಕಿರೋ ಕಾನ್ಫಿಗ್ ಫೈಲಲ್ಲಿ ಮೊದಲು ಬರೆದಿಡ್ಬೇಕು. ಹಳೇ ಟ್ಯುಟೋರಿಯಲ್ ನೋಡಿ 10ರಿಂದ ಶುರುವಾಗೋ ಅಡ್ರೆಸ್ ಹಾಕೋರು ಇಲ್ಲಿ ಮುಗ್ಗರಿಸ್ತಾರೆ.

ಬ್ರಿಡ್ಜ್ಡ್ ಮೋಡ್ ವೈರ್ ಇರೋ ಕನೆಕ್ಷನ್‌ನಲ್ಲಿ ಸಲೀಸು, ವೈಫೈನಲ್ಲಿ ಅದೃಷ್ಟ. ವೈಫೈ ಕಾರ್ಡ್‌ಗಳು ಸಾಮಾನ್ಯವಾಗಿ ಬೇರೆ ಮ್ಯಾಕ್ ಅಡ್ರೆಸ್‌ನಿಂದ (ಪ್ರತಿ ಕಾರ್ಡ್‌ಗೂ ಇರೋ ಗುರುತಿನ ಸಂಖ್ಯೆ, ಆಪಲ್ ಮ್ಯಾಕ್ ಅಲ್ಲ) ಪ್ಯಾಕೆಟ್ ಕಳಿಸೋಕೆ ಒಪ್ಪಲ್ಲ, ಅದಕ್ಕೆ ವರ್ಚುವಲ್‌ಬಾಕ್ಸ್ ಹೋಸ್ಟ್‌ನ ಮ್ಯಾಕನ್ನೇ ಹಾಕಿ ಕಳಿಸೋ ಒಂದು ಸರ್ಕಸ್ ಮಾಡುತ್ತೆ, ಮಾಮೂಲಿ ಐಪಿ ಟ್ರಾಫಿಕ್‌ಗೆ ನಡೆಯುತ್ತೆ, ಅದರಾಚೆ ಏನಾದ್ರೂ ಮಾಡೋಕೆ ಹೋದ್ರೆ ಕೈ ಕೊಡುತ್ತೆ. ಟೆಸ್ಟ್ ನೆಟ್‌ವರ್ಕ್‌ಗೆ ಇದರ ಅವಶ್ಯಕತೆ ಬರೋದೇ ಕಮ್ಮಿ ಬಿಡಿ.

ಒಂದೊಂದು ವಿಎಂನೂ ಮೊದಲಿಂದ ಇನ್‌ಸ್ಟಾಲ್ ಮಾಡ್ತಾ ಕೂರೋಕಾಗಲ್ಲ, ಎಲ್ಲರೂ ಕ್ಲೋನ್ ಮಾಡ್ತಾರೆ. ಇಲ್ಲಿ ಲಿಂಕ್ಡ್ ಕ್ಲೋನ್ ಅನ್ನೋದು ತುಂಬಾ ಒಳ್ಳೇ ಫೀಚರ್, ಒಂದು ಮೂಲ ಡಿಸ್ಕ್ ಇಟ್ಕೊಂಡು ಪ್ರತಿ ಕ್ಲೋನ್‌ಗೂ ಬದಲಾದ ಭಾಗ ಮಾತ್ರ ಬರ್ಕೊಳ್ಳುತ್ತೆ, ಡಿಸ್ಕ್ ಜಾಗ ಸಿಕ್ಕಾಪಟ್ಟೆ ಉಳಿಯುತ್ತೆ. ಕ್ಲೋನ್‌ಗೆ ಆಧಾರವಾದ ಮೂಲ ವಿಎಂನ ಸ್ನ್ಯಾಪ್‌ಶಾಟ್ (ಆ ಕ್ಷಣದ ಉಳಿಸಿಟ್ಟ ಸ್ಥಿತಿ) ಮಾತ್ರ ಮುಟ್ಟೋ ಹಾಗಿಲ್ಲ. ಕ್ಲೋನ್ ಮಾಡೋವಾಗ ಮ್ಯಾಕ್ ಅಡ್ರೆಸ್ ಪಾಲಿಸಿ ಕೇಳುತ್ತೆ, ಎಲ್ಲ ಅಡಾಪ್ಟರ್‌ಗೂ ಹೊಸ ಮ್ಯಾಕ್ ಅನ್ನೋದನ್ನೇ ಆರಿಸಿ, ಕಣ್ಣು ಮುಚ್ಚಿ. ಅಷ್ಟು ಮಾಡಿದ್ರೂ ಎರಡು ಉಬುಂಟು ಕ್ಲೋನ್‌ಗಳು ಡಿಎಚ್‌ಸಿಪಿಯಿಂದ ಒಂದೇ ಐಪಿ ತಗೊಂಡು ಕೂತಿರೋದನ್ನ ನೋಡಿ ತಲೆ ಕೆರ್ಕೊಳ್ಳೋರಿದ್ದಾರೆ. ಕಾರಣ ಏನಂದ್ರೆ ಈಗಿನ ಉಬುಂಟು ಸರ್ವರ್ ಡಿಎಚ್‌ಸಿಪಿ ಸರ್ವರ್‌ಗೆ ತನ್ನ ಗುರುತು ಹೇಳೋವಾಗ ಮ್ಯಾಕ್ ಬದಲು ಮಷೀನ್ ಐಡಿಯಿಂದ ಮಾಡಿದ ಒಂದು ಐಡಿ ಕೊಡುತ್ತೆ, ಕ್ಲೋನ್ ಮಾಡಿದಾಗ ಆ ಮಷೀನ್ ಐಡಿನೂ ಹಾಗೇ ಕಾಪಿ ಆಗಿರುತ್ತೆ. ಕ್ಲೋನ್ ಮಾಡೋ ಮುಂಚೆ ಮೂಲದಲ್ಲಿ ಮಷೀನ್ ಐಡಿ ಫೈಲ್ ಖಾಲಿ ಮಾಡಿ ಆಫ್ ಮಾಡಿದ್ರೆ, ಪ್ರತಿ ಕ್ಲೋನ್ ಬೂಟ್ ಆದಾಗ ಹೊಸದು ಹುಟ್ಟಿಸ್ಕೊಳ್ಳುತ್ತೆ.

ವಿಂಡೋಸ್ ಗೆಸ್ಟ್ ಇಡೋರಿಗೆ ಇನ್ನೊಂದು. ವಿಂಡೋಸ್ ಫೈರ್‌ವಾಲ್ ಡೀಫಾಲ್ಟ್ ಆಗಿ ಹೊರಗಿಂದ ಬರೋ ಪಿಂಗ್‌ಗೆ ಉತ್ತರ ಕೊಡಲ್ಲ, ಅದರಲ್ಲೂ ಗೇಟ್‌ವೇ ಇಲ್ಲದ ಇಂಟರ್ನಲ್ ನೆಟ್‌ವರ್ಕ್ ಕಂಡ್ರೆ ಇದು ಪಬ್ಲಿಕ್ ನೆಟ್‌ವರ್ಕ್ ಅಂತ ಇನ್ನೂ ಬಿಗಿ ಮಾಡ್ಕೊಳ್ಳುತ್ತೆ. ಪಿಂಗ್ ಬರ್ತಿಲ್ಲ ಅಂದ ತಕ್ಷಣ ಅಡಾಪ್ಟರ್ ಸೆಟ್ಟಿಂಗ್ ಎಲ್ಲ ತಿರುಗಾ ಮುರುಗಾ ಮಾಡೋಕೆ ಹೋಗ್ಬೇಡಿ, ಮೊದಲು ಎಆರ್‌ಪಿ ಟೇಬಲ್ (ಯಾವ ಐಪಿ ಯಾವ ಮ್ಯಾಕ್‌ನದ್ದು ಅನ್ನೋ ಪಟ್ಟಿ) ನೋಡಿ. ಅಲ್ಲಿ ಆಚೆಯವನ ಮ್ಯಾಕ್ ಕಾಣ್ತಾ ಇದ್ರೆ ಕೇಬಲ್ ಸರಿ ಇದೆ, ತಡೀತಿರೋದು ಫೈರ್‌ವಾಲ್.

ಲಿನಕ್ಸ್ ರೂಟರ್ ಬದಲು ಪಿಎಫ್‌ಸೆನ್ಸ್ ಅಥವಾ ಒಪಿಎನ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಿಸ್ಟಮ್ ಕೂರಿಸಿದ್ರೆ ಮಜಾ ಜಾಸ್ತಿ, ವೆಬ್ ಪೇಜಲ್ಲೇ ಫೈರ್‌ವಾಲ್ ರೂಲ್ ಬರೀಬಹುದು. ಎರಡರಲ್ಲೂ ಲ್ಯಾನ್ (ಒಳಗಿನ ಕಡೆಯ) ಅಡ್ರೆಸ್ ಡೀಫಾಲ್ಟ್ ಆಗಿ 192.168.1.1. ಮನೆ ರೂಟರ್‌ಗಳಲ್ಲಿ ಬಹಳಷ್ಟರದ್ದೂ ಅದೇ ರೇಂಜ್, ಹಾಗಾಗಿ ವ್ಯಾನ್ (ಹೊರಗಿನ ಕಡೆಯ) ಕಾಲನ್ನ ಬ್ರಿಡ್ಜ್ಡ್‌ಗೆ ಕೊಟ್ರೆ ಎರಡೂ ಕಡೆ ಒಂದೇ ಸಬ್‌ನೆಟ್ ಆಗಿ ಯಾವುದೂ ಎಲ್ಲಿಗೂ ಹೋಗಲ್ಲ. ವ್ಯಾನ್‌ಗೆ ನ್ಯಾಟ್ ಕೊಡಿ, ಇಲ್ಲಾಂದ್ರೆ ಲ್ಯಾನ್ ಅಡ್ರೆಸ್ ಬದಲಾಯಿಸಿ. ವ್ಯಾನ್ ಕಡೆಯಿಂದ ಖಾಸಗಿ ಅಡ್ರೆಸ್ ಬಂದ್ರೆ ಬ್ಲಾಕ್ ಮಾಡು ಅನ್ನೋ ರೂಲ್ ಕೂಡ ಮೊದಲಿಂದಲೇ ಆನ್ ಇರುತ್ತೆ, ಟೆಸ್ಟ್‌ನಲ್ಲಿ ಎಲ್ಲವೂ ಖಾಸಗಿ ಅಡ್ರೆಸ್ಸೇ ಆದ್ದರಿಂದ ಅದನ್ನ ತೆಗೆಯದೆ ಹೊರಗಿಂದ ಒಳಗೆ ಏನೂ ಬರಲ್ಲ. ಎರಡು ಫೈರ್‌ವಾಲ್ ಇಟ್ಟು ಒಂದು ಹೋದ್ರೆ ಇನ್ನೊಂದು ಅನ್ನೋ ಥರ ಮಾಡೋದಿದ್ರೆ ಅಡಾಪ್ಟರ್‌ನ ಪ್ರಾಮಿಸ್ಕ್ಯುಯಸ್ ಮೋಡ್‌ನ ಅಲೋಗೆ ಬದಲಾಯಿಸಿ, ಡೀಫಾಲ್ಟ್ ಡಿನೈ ಇರುತ್ತೆ, ಹಂಚ್ಕೊಂಡಿರೋ ವರ್ಚುವಲ್ ಮ್ಯಾಕ್‌ಗೆ ಬಂದ ಪ್ಯಾಕೆಟ್ ಒಳಗೇ ಬಿಡಲ್ಲ.

ಕಂಪ್ಯೂಟರ್ ಎಷ್ಟು ದೊಡ್ಡದಿರ್ಬೇಕು ಅನ್ನೋರಿಗೆ: ಭಯ ಬೇಡ. ಆಲ್ಪೈನ್ ಲಿನಕ್ಸ್ 256 ಎಂಬಿ ರ‍್ಯಾಮಲ್ಲಿ ರೂಟರ್ ಆಗಿ ಆರಾಮಾಗಿ ಓಡುತ್ತೆ, ಗ್ರಾಫಿಕ್ಸ್ ಇಲ್ಲದ ಡೆಬಿಯನ್‌ಗೆ 512 ಸಾಕು. 8 ಜಿಬಿ ಇರೋ ಮಷೀನಲ್ಲಿ ಇಂಥ ನಾಲ್ಕೈದು ಸಲೀಸು. ಒಂದು ವಿಂಡೋಸ್ ಗೆಸ್ಟ್ ಸೇರಿತು ಅಂದ್ರೆ ಮಾತ್ರ ಇವೆಲ್ಲದರ ಪಾಲು ಅದೊಂದೇ ತಿನ್ನುತ್ತೆ. ಹೆಡ್‌ಲೆಸ್ ಆಗಿ (ಕಿಟಕಿ ತೆರೆಯದೆ) ಸ್ಟಾರ್ಟ್ ಮಾಡಿ, ವಿಎಂಗಳನ್ನ ಗ್ರೂಪ್ ಮಾಡಿಟ್ರೆ ಎಲ್ಲ ಒಟ್ಟಿಗೆ ಎಬ್ಬಿಸ್ಬಹುದು.

ವಿಂಡೋಸ್ ಹೋಸ್ಟ್‌ನಲ್ಲಿ ವಿಎಂ ಕಿಟಕಿಯ ಕೆಳಗೆ ಒಂದು ಹಸಿರು ಆಮೆ ಚಿತ್ರ ಕಾಣ್ತಾ ಇದ್ರೆ, ಅದು ಅಲಂಕಾರಕ್ಕಲ್ಲ. ವಿಂಡೋಸ್‌ನ ಸ್ವಂತ ವಿಎಂ ವ್ಯವಸ್ಥೆ ಹೈಪರ್‌ವಿ ಮೊದಲೇ ಪ್ರೊಸೆಸರ್ ಹಿಡ್ಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಕುಂಟ್ತಾ ಓಡ್ತಿದೆ ಅಂತ ಅರ್ಥ. ನಾನೇನೂ ಹೈಪರ್‌ವಿ ಹಾಕಿಲ್ವಲ್ಲ ಅಂತೀರ, ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ಸೌಲಭ್ಯ) ಅಥವಾ ಮೆಮೊರಿ ಇಂಟೆಗ್ರಿಟಿ ಆನ್ ಇದ್ರೂ ಹೀಗೇ ಆಗುತ್ತೆ. ಮೆಮೊರಿ ಇಂಟೆಗ್ರಿಟಿ ಭದ್ರತೆಗೆ ಇರೋದು, ಆಮೆ ಓಡಿಸೋಕೆ ಅದನ್ನ ಆಫ್ ಮಾಡೋದು ನಿಮ್ಮ ಲೆಕ್ಕಾಚಾರ. ನಾಲ್ಕು ಚಿಕ್ಕ ಲಿನಕ್ಸ್‌ಗೆ ಆಮೆ ವೇಗವೂ ನಡೆಯುತ್ತೆ.

ಸ್ಪೀಡ್ ಅಳೆಯೋ ಕೆಲಸಕ್ಕೆ ಮಾತ್ರ ಇದನ್ನ ನಂಬ್ಬೇಡಿ. ಅಡಾಪ್ಟರ್ ಮೇಲೆ ಒಂದು ಗಿಗಾಬಿಟ್ ಅಂತ ಬರೆದಿದ್ರೂ ಅದು ಬರೀ ಬೋರ್ಡು, ನಿಜವಾದ ವೇಗ ನಿಮ್ಮ ಪ್ರೊಸೆಸರ್ ಆ ಕ್ಷಣ ಎಷ್ಟು ಬಿಡುವಾಗಿದೆ ಅನ್ನೋದರ ಮೇಲೆ. ಬ್ಯಾಂಡ್‌ವಿಡ್ತ್ ಲಿಮಿಟ್ ಹಾಕೋ ಸೌಲಭ್ಯ ಇದೆ, ಆದ್ರೆ ವಿಎಂ ಕಳಿಸೋದಕ್ಕೆ ಮಾತ್ರ ಕಡಿವಾಣ, ಬರೋದಕ್ಕಿಲ್ಲ. ವಿಳಂಬ, ಪ್ಯಾಕೆಟ್ ಲಾಸ್ ಅಂತ ಕೃತಕವಾಗಿ ಹಾಕೋಕೆ ಇದರಲ್ಲಿ ಏನೂ ಇಲ್ಲ, ರೂಟರ್ ವಿಎಂನಲ್ಲಿ ಲಿನಕ್ಸ್‌ನ ನೆಟ್‌ಎಮ್ ಬಳಸಿ 100 ಮಿಲಿಸೆಕೆಂಡ್ ತಡ, ನೂರಕ್ಕೆ ಒಂದು ಲಾಸ್ ಅಂತ ಹಾಕ್ಕೋಬೇಕು. ಹಾಗೆ ಹಾಕಿ ನಿಮ್ಮ ಆ್ಯಪ್ ಓಡಿಸಿ ನೋಡಿ, ಲೋಕಲ್‌ನಲ್ಲಿ ಮಿಂಚಿನ ಹಾಗೆ ಓಡ್ತಿದ್ದದ್ದು ಹೇಗೆ ಏದುಸಿರು ಬಿಡುತ್ತೆ ಅಂತ. ಈ ವಿಷಯದಲ್ಲಿ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವಿಎಂವೇರ್ ವರ್ಕ್‌ಸ್ಟೇಷನ್ ಮುಂದಿದೆ, ಅಡಾಪ್ಟರ್ ಸೆಟ್ಟಿಂಗಲ್ಲೇ ಎರಡೂ ದಿಕ್ಕಿಗೆ ವೇಗ, ಲಾಸ್, ವಿಳಂಬ ಎಲ್ಲ ಕೊಡ್ಬಹುದು, 2024ರ ನವೆಂಬರ್‌ನಿಂದ ಅದು ಎಲ್ಲರಿಗೂ ಉಚಿತ ಬೇರೆ. ಹಾಗಾದ್ರೆ ಅದನ್ನೇ ಬಳಸ್ಬಹುದಲ್ವಾ ಅಂದ್ರೆ, ಖಂಡಿತ ಬಳಸ್ಬಹುದು. ನಾನು ವರ್ಚುವಲ್‌ಬಾಕ್ಸ್‌ಗೇ ಅಂಟ್ಕೊಂಡಿರೋದು ವಿಬಾಕ್ಸ್‌ಮ್ಯಾನೇಜ್ ದೆಸೆಯಿಂದ, ಇಡೀ ನೆಟ್‌ವರ್ಕ್ ಒಂದು ಸ್ಕ್ರಿಪ್ಟಲ್ಲಿ ಬರೆದಿಟ್ಟು ಬೇಕಾದಾಗ ಹುಟ್ಟಿಸಿ ಬೇಡವಾದಾಗ ಅಳಿಸಬಹುದು. ಸೆಟ್ಟಿಂಗ್ಸ್ ಕಿಟಕಿಯಲ್ಲಿ ನಾಲ್ಕೇ ಅಡಾಪ್ಟರ್ ಕಾಣೋದು, ಈ ಟೂಲಲ್ಲಿ ಎಂಟರ ತನಕ ಕೊಡ್ಬಹುದು, ಚಿಪ್‌ಸೆಟ್ ಐಸಿಎಚ್9ಗೆ ಬದಲಾಯಿಸಿದ್ರೆ 36.

ಲೈಸೆನ್ಸ್ ಬಗ್ಗೆ ಆಫೀಸ್‌ನಲ್ಲಿ ಬಳಸೋರು ಗಮನಿಸಿ. ಮೂಲ ಪ್ಯಾಕೇಜ್‌ಗೆ ತೊಂದರೆ ಇಲ್ಲ. ಎಕ್ಸ್‌ಟೆನ್ಷನ್ ಪ್ಯಾಕ್ ಅಂತ ಬೇರೆ ಡೌನ್‌ಲೋಡ್ ಇದೆ, ಅದು ಸ್ವಂತ ಬಳಕೆ, ಕಲಿಕೆ, ಪರೀಕ್ಷಿಸಿ ನೋಡೋಕೆ ಮಾತ್ರ ಉಚಿತ, ವ್ಯವಹಾರಕ್ಕೆ ಲೈಸೆನ್ಸ್ ಕೊಳ್ಳಬೇಕು. ನಾನು ಮೇಲೆ ಹೇಳಿದ ಹೆಚ್ಚಿನದಕ್ಕೆ ಆ ಪ್ಯಾಕ್ ಬೇಕಾಗಲ್ಲ, ಹಾಗಾಗಿ ಬೇಕೇ ಬೇಕು ಅನ್ನೋ ತನಕ ಇನ್‌ಸ್ಟಾಲ್ ಮಾಡ್ಬೇಡಿ.

ಇನ್ನು ಯಾರಿಗೆ ಇದು ಬೇಡ ಅಂದ್ರೆ, ಸ್ವಿಚ್ ಕಲಿಯೋಕೆ ಬಂದೋರಿಗೆ. ಇಂಟರ್ನಲ್ ನೆಟ್‌ವರ್ಕ್ ಅನ್ನೋದು ಕಾನ್ಫಿಗರ್ ಮಾಡೋಕಾಗದ ದಡ್ಡ ಸ್ವಿಚ್, ಅದರಲ್ಲಿ ವಿಲ್ಯಾನ್ (ಒಂದೇ ಸ್ವಿಚ್‌ನ ಬೇರೆ ಬೇರೆ ನೆಟ್‌ವರ್ಕ್ ಮಾಡೋದು) ಪೋರ್ಟ್ ಹಂಚೋದು, ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಸುತ್ತು ಬೀಳದ ಹಾಗೆ ತಡೆಯೋದು) ನೋಡೋದು ಯಾವುದೂ ಇಲ್ಲ. ಅದಕ್ಕೆ ಜಿಎನ್‌ಎಸ್3 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರ್ ಕಡೆ ಹೋಗಿ. ಲಿನಕ್ಸ್ ಹೋಸ್ಟ್ ಇದ್ದು ಬರೀ ರೂಟಿಂಗ್ ಆಡಿ ನೋಡ್ಬೇಕು ಅನ್ನೋರಿಗಂತೂ ವಿಎಂನೇ ದುಂದು, ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಲಿನಕ್ಸ್ ಒಳಗೆ ಬೇರೆ ಬೇರೆ ನೆಟ್‌ವರ್ಕ್ ಭಾಗಗಳು) ಮಾಡಿ ವರ್ಚುವಲ್ ಕೇಬಲ್ ಎಳೆದ್ರೆ ಇದೇ ಕ್ಲೈಂಟ್, ರೂಟರ್, ಸರ್ವರ್ ಸೆಟಪ್ ಬೂಟ್ ಅನ್ನೋದೇ ಇಲ್ಲದೆ ಚಿಟಿಕೆ ಹೊಡೆಯೋದ್ರಲ್ಲಿ ಎದ್ದು ನಿಲ್ಲುತ್ತೆ. ಎಲ್ಲಕ್ಕೂ ಕರ್ನಲ್ ಒಂದೇ ಆಗಿರುತ್ತೆ ಅನ್ನೋದು ಅದರ ಮಿತಿ, ವಿಂಡೋಸ್ ಗೆಸ್ಟೋ ಒಪಿಎನ್‌ಸೆನ್ಸೋ ಬೇಕಾದ ದಿನ ಮತ್ತೆ ಇಲ್ಲಿಗೇ ಬರ್ಬೇಕು.